ಗಡಿನಾಡ ಶಾಲೆಯೂ ಜಾಲಶಿಕ್ಷಣವೂ

ಸಂಘದ ಮಿತ್ರರು ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಕೇಳಿಕೊಂಡಾಗ, ಆದೋನಿ ಸೀಮೆಯ ಶಾಸನಗಳನ್ನು ಕುರಿತೋ ಹರಿದಾಸರನ್ನು ಕುರಿತೋ ನಾಲ್ಕು ಪುಟ ಬರೆಯುವುದೆಂದು ನಾವು ಮನಸ್ಸಿನಲ್ಲಿ ಮಾಡಿಕೊಂಡಿದ್ದೆವು. ಆ ವಿಷಯಗಳನ್ನು ನಮಗಿಂತ ಹೆಚ್ಚು ಬಲ್ಲವರು ನಮ್ಮ ಸಂಘದಲ್ಲಿಯೇ ಇರುವುದರಿಂದ ವಾಚಕರಿಗೆ ನಷ್ಟವೇನೂ ಇಲ್ಲ. ನಮ್ಮ ಮನಸ್ಸನ್ನು ಬೇರೆ ಕಡೆಗೆ ತಿರುಗಿಸಿದವರು ಮಗಳನ್ನು ಆರನೆಯ ತರಗತಿಗೆ ಸೇರಿಸಲು ಬಂದಿದ್ದ ಒಬ್ಬ ತಂದೆ. ಅರ್ಜಿಯಲ್ಲಿ ಕನ್ನಡ ಮಾಧ್ಯಮವೆಂದು ಬರೆಯಿಸುವ ಮೊದಲು ಅವರು ತಡೆದು ಕೇಳಿದರು: “ಸಾರ್, ಈಗ ಫೋನಿನಾಗೇ ಎಲ್ಲಾ ಪಾಠ ಬರ್ತಾವಂತಲ್ರಿ. ಮತ್ತ ಕನ್ನಡ ಸಾಲಿ ಯಾಕ ಬೇಕ್ರಿ?”

ನಾವು ಭಾಷಾಭಿಮಾನದ ಎರಡು ಮಾತುಗಳನ್ನು ಆಡಿದೆವು. ಅವು ಅವರ ಪ್ರಶ್ನೆಗೆ ಉತ್ತರವಾಗಿರಲಿಲ್ಲ. “ಮನ್ಯಾಗ ಕೇಳಿ ಬರ್ತೀನ್ರಿ” ಎಂದು ಅರ್ಜಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಅವರು ಹೊರಟುಹೋದರು. ಅಂದು ಅವರಿಗೆ ಹೇಳಬೇಕಾಗಿದ್ದುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಜಾಲಶಿಕ್ಷಣವೆಂದರೆ ಏನು? ಗುರು ಒಂದು ಕಡೆ, ಶಿಷ್ಯ ಇನ್ನೊಂದು ಕಡೆ ಇದ್ದು, ನಡುವೆ ತಂತಿಯೋ ತರಂಗವೋ ಉಪಗ್ರಹವೋ ಪಾಠವನ್ನು ಹೊತ್ತು ತರುವ ವ್ಯವಸ್ಥೆ. ಈ ಹೊರುವ ಕೆಲಸವನ್ನೇ ಜನರು ಶಿಕ್ಷಣವೆಂದು ತಿಳಿದುಕೊಂಡುಬಿಡುತ್ತಾರೆ. ಅಂಚೆಯವನು ಮನೆಗೆ ಬಂದನೆಂದ ಮಾತ್ರಕ್ಕೆ ನಮಗೆ ಕಾಗದ ಬಂತೆಂದು ಅರ್ಥವಲ್ಲ. ಬಂದ ಕಾಗದವನ್ನು ನಾವು ಓದಬಲ್ಲೆವೆಂದೂ ಅಲ್ಲ. ಮಂತ್ರಾಲಯದ ನದೀತೀರದಲ್ಲಿ ನಿಂತವರ ಕೈಫೋನಿಗೆ ಒಮ್ಮೆ ಆಂಧ್ರದ ಗೋಪುರದಿಂದಲೂ ಒಮ್ಮೆ ಆಚೆ ದಡದ ರಾಯಚೂರು ಜಿಲ್ಲೆಯ ಗೋಪುರದಿಂದಲೂ ಸಂಕೇತ ಬರುವುದುಂಟು. ತುಂಗಭದ್ರೆ ತರಂಗಕ್ಕೆ ಗಡಿಯಲ್ಲ. ಪಠ್ಯಕ್ರಮಕ್ಕೆ ಮಾತ್ರ ಅದು ಗಡಿಯೇ ಸರಿ. ನಮ್ಮ ಮಕ್ಕಳ ಕಷ್ಟವೆಲ್ಲ ಈ ಎರಡರ ನಡುವೆ ಇದೆ.

ಹಿನ್ನೆಲೆಯನ್ನು ಬಲ್ಲವರು ಈ ಒಂದು ಮಾತನ್ನು ಬಿಟ್ಟು ಮುಂದೆ ಓದಬಹುದು. 1953ನೆಯ ಇಸವಿ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಹುಟ್ಟಿದಾಗ, ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯನ್ನು ಒಡೆದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಆಂಧ್ರಕ್ಕೂ ಉಳಿದವನ್ನು ಮೈಸೂರಿಗೂ ಸೇರಿಸಲಾಯಿತು. ಆದೋನಿ, ಆಲೂರುಗಳು ಕರ್ನೂಲು ಜಿಲ್ಲೆಗೆ ಸೇರಿದವು. ಮನೆಯ ಮಾತು ಬದಲಾಗಲಿಲ್ಲ. ಕಚೇರಿಯ ಮಾತು ಬದಲಾಯಿತು. 1956ರಲ್ಲಿ ಸಂವಿಧಾನಕ್ಕೆ ಸೇರಿಸಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಕಲಿಯಲು ತಕ್ಕಷ್ಟು ಅನುಕೂಲ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸತಕ್ಕದ್ದೆಂದು ಹೇಳುತ್ತದೆ. ಕೌತಾಳಂ, ಹೊಳಗುಂದಿ, ಕೋಸಿಗಿ, ಮಂತ್ರಾಲಯಗಳ ಸುತ್ತಿನ ನಮ್ಮ ಕನ್ನಡ ಶಾಲೆಗಳಿಗೆ ಆಧಾರ ಅದು. ನಮ್ಮ ಮಕ್ಕಳು ಓದುವುದು ಆಂಧ್ರದ ಪಠ್ಯಕ್ರಮವನ್ನು, ಬರೆಯುವುದು ಆಂಧ್ರದ ಪರೀಕ್ಷೆಯನ್ನು, ಭಾಷೆ ಕನ್ನಡ.

ತರಂಗದ ಮೂಲಕ ಪಾಠ ಹೇಳುವುದು ಹೊಸದೆಂದು ಕಿರಿಯ ಉಪಾಧ್ಯಾಯ ಬಂಧುಗಳು ತಿಳಿದಿರುವಂತಿದೆ. ಹಾಗಲ್ಲ. 1975ನೆಯ ಆಗಸ್ಟ್ 1ರಿಂದ ಒಂದು ವರ್ಷ ಕಾಲ ನಮ್ಮ ಬಾಹ್ಯಾಕಾಶ ಸಂಸ್ಥೆಯು ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನದ ಪಾಠಗಳನ್ನು ಕಳುಹಿಸಿತು. ಸೈಟ್ ಎಂದು ಅದಕ್ಕೆ ಹೆಸರು. ಆಂಧ್ರವೂ ಕರ್ನಾಟಕವೂ ಆ ಆರರಲ್ಲಿ ಸೇರಿದ್ದವು. ನದಿಯ ಆಚೆಯ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಪೆಟ್ಟಿಗೆಗಳನ್ನು ಇಟ್ಟಿದ್ದರು. ಬೆಳಗಿನ ಹೊತ್ತು ಶಾಲಾಮಕ್ಕಳಿಗೆ, ಸಂಜೆ ಊರವರಿಗೆ. ನಮಗೆ ಬೇಕಾದ ಸಂಗತಿ ಇಷ್ಟು: ಆ ಉಪಗ್ರಹದಲ್ಲಿ ಒಂದು ಚಿತ್ರದ ಜೊತೆಗೆ ಎರಡು ಧ್ವನಿಗಳನ್ನು ಕಳುಹಿಸುವ ಏರ್ಪಾಡು ಇತ್ತು. ಒಂದೇ ಬಿಂಬ, ಎರಡು ಭಾಷೆ. ಗಡಿನಾಡಿಗೆ ಇದಕ್ಕಿಂತ ಒಪ್ಪುವ ಏರ್ಪಾಡನ್ನು ನಾವಂತೂ ಕಾಣೆವು. ಮುಂದೆ 2004ರಲ್ಲಿ ಶಿಕ್ಷಣಕ್ಕಾಗಿಯೇ ಎಡುಸ್ಯಾಟ್ ಹಾರಿತು. ಕರ್ನಾಟಕದ ಇನ್ನೊಂದು ಗಡಿಯಾದ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರ ಮೂಲಕ ಕನ್ನಡ ಪಾಠಗಳನ್ನು ಪಡೆದವು. ಆದುದರಿಂದ ಯಂತ್ರದ ಅಸಾಮರ್ಥ್ಯವನ್ನು ಯಾರೂ ನೆಪ ಹೇಳುವಂತಿಲ್ಲ. ಐವತ್ತು ವರ್ಷಗಳ ಹಿಂದೆಯೇ ಯಂತ್ರಕ್ಕೆ ಎರಡು ನಾಲಗೆಗಳಿದ್ದವು.

ಇನ್ನು 2020ನೆಯ ಇಸವಿಗೆ ಬರೋಣ. ಆ ವರ್ಷದ ಮಾರ್ಚಿಯಲ್ಲಿ ಕೊರೋನಾ ವ್ಯಾಧಿಯ ದೆಸೆಯಿಂದ ಶಾಲೆಗಳು ಮುಚ್ಚಿದವು. ದೂರದರ್ಶನದ ಸಪ್ತಗಿರಿ ವಾಹಿನಿಯಲ್ಲಿ ತೆಲುಗಿನ ಪಾಠಗಳು ಬಂದವು. ಚಂದನ ವಾಹಿನಿಯಲ್ಲಿ ಕರ್ನಾಟಕದವರು ‘ಸಂವೇದ’ ಎಂಬ ಹೆಸರಿನಲ್ಲಿ ಕನ್ನಡದ ಪಾಠಗಳನ್ನು ಕೊಟ್ಟರು. ಎರಡೂ ಒಳ್ಳೆಯ ಕಾರ್ಯಗಳೇ. ನಮ್ಮ ಮಕ್ಕಳ ಮನೆಗಳಲ್ಲಿ ಎರಡು ವಾಹಿನಿಗಳೂ ಕಾಣುತ್ತಿದ್ದವು. ನೋಡಿದವರು, ಈ ಮಕ್ಕಳಿಗೆ ಇಮ್ಮಡಿ ಲಾಭವೆಂದು ಹೇಳಿಯಾರು. ನಿಜವಾಗಿ ಆದದ್ದು ಬೇರೆ. ಸಪ್ತಗಿರಿಯಲ್ಲಿ ನಮ್ಮ ಪಾಠವಿತ್ತು, ನಮ್ಮ ಭಾಷೆ ಇರಲಿಲ್ಲ. ಚಂದನದಲ್ಲಿ ನಮ್ಮ ಭಾಷೆ ಇತ್ತು, ನಮ್ಮ ಪಾಠವಿರಲಿಲ್ಲ.

‘ಗಡಿನಾಡಿನ ಮಕ್ಕಳಿಗೆ ತೆಲುಗು ಬಾರದೆ?’ ಎಂದು ಕೆಲವರು ಕೇಳುತ್ತಾರೆ. ಬರುತ್ತದೆ, ಸಂತೆಯ ತೆಲುಗು, ಆಟದ ತೆಲುಗು ಚೆನ್ನಾಗಿಯೇ ಬರುತ್ತದೆ. ಶಾಸ್ತ್ರದ ತೆಲುಗು ಬೇರೆ. ತೆಲುಗು ಗಣಿತದಲ್ಲಿ ‘ವೈಶಾಲ್ಯಂ’ ಎನ್ನುವುದು ನಮ್ಮಲ್ಲಿ ವಿಸ್ತೀರ್ಣ. ಅವರ ‘ವ್ಯಾಸಾರ್ಥಂ’ ನಮ್ಮ ತ್ರಿಜ್ಯ. ಅವರ ‘ತ್ವರಣಂ’ ನಮ್ಮ ವೇಗೋತ್ಕರ್ಷ. ಗಿಡವು ಬಿಸಿಲಿನಿಂದ ಆಹಾರ ತಯಾರಿಸಿಕೊಳ್ಳುವುದನ್ನು ಅವರು ‘ಕಿರಣಜನ್ಯ ಸಂಯೋಗಕ್ರಿಯ’ ಎಂದರೆ ನಮ್ಮ ಹುಡುಗ ‘ದ್ಯುತಿಸಂಶ್ಲೇಷಣೆ’ ಎಂದು ಕಲಿಯಬೇಕು. ಪಾಠವನ್ನು ಕೇಳುವಾಗ ಎಲ್ಲ ತಿಳಿದಂತೆಯೇ ಇರುತ್ತದೆ. ಪ್ರಶ್ನಪತ್ರಿಕೆಯನ್ನು ಕೈಗೆ ತೆಗೆದುಕೊಂಡಾಗ ಒಂದು ಮಾತೂ ಗುರುತು ಸಿಗುವುದಿಲ್ಲ. ಒಮ್ಮೆ ಮನೆಗೆಲಸದ ಚಿತ್ರ ಕಳುಹಿಸುವುದು ‘ಅವಸರಂ ಲೇದು’ ಎಂದು ತೆಲುಗು ಉಪಾಧ್ಯಾಯರೊಬ್ಬರು ಗುಂಪಿನಲ್ಲಿ ತಿಳಿಸಿದ್ದರು. ಕಳುಹಿಸಬೇಕಾಗಿಲ್ಲವೆಂದು ಅದರ ಅರ್ಥ. ನಮ್ಮ ಹುಡುಗರು ನಿಧಾನವಾಗಿ ಕಳುಹಿಸಿದರಾಯಿತೆಂದು ತಿಳಿದು ಒಂದು ತಿಂಗಳ ತನಕ ಕಳುಹಿಸುತ್ತಲೇ ಇದ್ದರು. ಆ ಉಪಾಧ್ಯಾಯರು ನಮ್ಮ ಮಕ್ಕಳ ಶ್ರದ್ಧೆಯನ್ನು ಬಹಳವಾಗಿ ಕೊಂಡಾಡಿದರು.

ಇಲ್ಲಿ ನಮ್ಮ ತಪ್ಪೊಂದನ್ನು ಹೇಳತಕ್ಕದ್ದಿದೆ. ಆ ದಿನಗಳಲ್ಲಿ ಮೇಲಿನಿಂದ ಒಂದು ನಮೂನೆ ಬಂದಿತ್ತು. ‘ಸಂಪರ್ಕವುಳ್ಳ ವಿದ್ಯಾರ್ಥಿಗಳು’ ಎಂಬ ಅಂಕಣವನ್ನು ತುಂಬಬೇಕಾಗಿತ್ತು. ನಾವು ದಾಖಲೆ ಪುಸ್ತಕವನ್ನು ತೆರೆದು, ಯಾರ ಹೆಸರಿನ ಮುಂದೆ ಫೋನಿನ ಸಂಖ್ಯೆ ಇತ್ತೋ ಅವರನ್ನೆಲ್ಲ ಎಣಿಸಿ ಬರೆದೆವು. ಬಹುತೇಕ ಎಲ್ಲರ ಮುಂದೆಯೂ ಸಂಖ್ಯೆ ಇತ್ತು. ಅಂಕಣ ಚೆನ್ನಾಗಿ ಕಂಡಿತು. ನಮ್ಮ ಶಾಲೆಯ ಹೆಸರೂ ಚೆನ್ನಾಗಿ ಕೇಳಿಸಿತು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯ ಮುಂದೆ ಇದ್ದ ಸಂಖ್ಯೆ ಅವಳ ತಂದೆಯದು. ನಮ್ಮ ಸೀಮೆಯ ಬಡ ಕುಟುಂಬಗಳು ಹತ್ತಿ ಬಿಡಿಸುವುದಕ್ಕೆ, ಮೆಣಸಿನಕಾಯಿ ಕೊಯ್ಲಿಗೆ ಎಂದು ಗುಂಟೂರಿನ ಕಡೆಗೆ ಗುಳೆ ಹೋಗುವುದು ವಾಚಕರಿಗೆ ತಿಳಿದ ವಿಷಯ. ತಂದೆ ತಾಯಿ ಹೋಗಿದ್ದರು. ಫೋನೂ ಅವರೊಡನೆ ಹೋಗಿತ್ತು. ಹುಡುಗಿ ಅಜ್ಜಿಯೊಡನೆ ಊರಿನಲ್ಲಿ ಉಳಿದಿದ್ದಳು. ನಾವು ಕಳುಹಿಸಿದ ಪಾಠಗಳೆಲ್ಲ ಮೆಣಸಿನ ಹೊಲವನ್ನು ಮುಟ್ಟುತ್ತಿದ್ದವು, ಮುಟ್ಟಿದವೆಂದು ಎರಡು ನೀಲಿ ಗೀರುಗಳೂ ನಮಗೆ ಕಾಣುತ್ತಿದ್ದವು. ಶಾಲೆ ಮತ್ತೆ ತೆರೆದಾಗ ಅವಳು ಬರಲಿಲ್ಲ. ವಿಚಾರಿಸಿದೆವು, ಮದುವೆಯಾಗಿತ್ತು. ಅಂಕಣದಲ್ಲಿ ಅವಳು ಈಗಲೂ ಸಂಪರ್ಕವುಳ್ಳ ವಿದ್ಯಾರ್ಥಿನಿಯೇ.

ಸಂಖ್ಯೆಗೂ ಮಗುವಿಗೂ ಇರುವ ಈ ಅಂತರವನ್ನು ನ್ಯಾಯಾಲಯಗಳೂ ಗಮನಿಸಿವೆ. 2019ರ ಸೆಪ್ಟೆಂಬರಿನಲ್ಲಿ ಕೇರಳದ ಉಚ್ಚ ನ್ಯಾಯಾಲಯವು, ಹಾಸ್ಟೆಲಿನಲ್ಲಿ ಫೋನು ಬಳಸಲು ನಿರ್ಬಂಧವಿದ್ದ ವಿದ್ಯಾರ್ಥಿನಿಯೊಬ್ಬಳ ಮೊಕದ್ದಮೆಯಲ್ಲಿ, ಅಂತರಜಾಲವನ್ನು ಬಳಸುವ ಹಕ್ಕು ಶಿಕ್ಷಣದ ಹಕ್ಕಿನಲ್ಲಿ ಅಡಕವಾಗಿದೆಯೆಂದು ತೀರ್ಪಿತ್ತಿತು. ಹುಡುಗರ ಕೈಗೆ ಫೋನು ಕೊಟ್ಟರೆ ಓದು, ಹುಡುಗಿಯರ ಕೈಗೆ ಕೊಟ್ಟರೆ ಕೇಡು ಎಂಬ ಭಾವನೆ ನಮ್ಮ ಮನೆಗಳಲ್ಲಿ ಇನ್ನೂ ಬಲವಾಗಿದೆ. ಒಂದೇ ಫೋನು ಇರುವ ಮನೆಯಲ್ಲಿ ಅದು ಮೊದಲು ಯಾರ ಕೈಗೆ ಬರುವುದೆಂಬುದನ್ನು ಯಾವ ನಮೂನೆಯೂ ಕೇಳುವುದಿಲ್ಲ.

ಯಂತ್ರದ ಒಳಗಣ ಸಂಗತಿಯನ್ನು ಸ್ವಲ್ಪ ವಿಶದಪಡಿಸೋಣ; ಉಪಾಧ್ಯಾಯರಿಗೆ ಇದು ಉಪಯುಕ್ತ. ಚಿತ್ರವಿರುವ ಪಾಠವು ಸೆಕೆಂಡಿಗೆ ಐದು ಲಕ್ಷ ಬಿಟ್ಟುಗಳಂತೆ ಹರಿದರೆ ಇಪ್ಪತ್ತು ನಿಮಿಷಕ್ಕೆ 75 ಎಂಬಿ ಆಗುತ್ತದೆ. ಬರಿಯ ಧ್ವನಿ ಸೆಕೆಂಡಿಗೆ 32 ಸಾವಿರ ಬಿಟ್ಟುಗಳಿಗೆ ಸಾಕು. ಅದೇ ಇಪ್ಪತ್ತು ನಿಮಿಷಕ್ಕೆ 5 ಎಂಬಿಯೂ ತುಂಬುವುದಿಲ್ಲ. ಹದಿನೈದು ಪಟ್ಟು ವ್ಯತ್ಯಾಸ. ಉಗುರಿನಷ್ಟು ಅಗಲದ 4 ಜಿಬಿ ಮೆಮೊರಿ ಕಾರ್ಡಿನಲ್ಲಿ ಇಂಥ ಎಂಟುನೂರು ಪಾಠಗಳನ್ನು ಇಡಬಹುದು. ಕಾರ್ಡು ಹಾಕುವ ಕಿಂಡಿಯಿರುವ ಸಾಮಾನ್ಯ ಗುಂಡಿ ಫೋನೂ ಅವನ್ನು ನುಡಿಸುತ್ತದೆ. ಜಾಲವೆಂದರೆ ಸದಾ ಹರಿಯುತ್ತಿರಬೇಕೆಂದಿಲ್ಲ. ಒಮ್ಮೆ ತುಂಬಿಟ್ಟ ಕೊಡದಿಂದಲೂ ನೀರು ಕುಡಿಯಬಹುದು. ನೇರವಾಗಿ ಮುಖ ಕಾಣುವ ಪಾಠವೇ ಶ್ರೇಷ್ಠವೆಂಬ ಭ್ರಮೆ ನಮಗೂ ಮೊದಲು ಇತ್ತು. ಅದು ಪಟ್ಟಣದ ಮಗುವಿಗೆ ಅಳತೆ ತೆಗೆದು ಹೊಲಿದ ಅಂಗಿ.

ಲಿಪಿಯ ವಿಷಯವೂ ಇದರೊಡನೆಯೇ ಬರುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಅಂಕಿ ಕೊಟ್ಟಿರುವ ಯೂನಿಕೋಡಿನಲ್ಲಿ ತೆಲುಗಿಗೂ ಕನ್ನಡಕ್ಕೂ 128 ಸ್ಥಾನಗಳ ಎರಡು ಸಾಲುಗಳು ಪಕ್ಕಪಕ್ಕದಲ್ಲಿ ಇವೆ, ನಮ್ಮ ಹಳ್ಳಿಗಳಂತೆಯೇ. ತೆಲುಗಿನ ಕಕಾರವು ತನ್ನ ಸಾಲಿನ ಎಷ್ಟನೆಯ ಮನೆಯಲ್ಲಿದೆಯೋ ಕನ್ನಡದ ಕಕಾರವೂ ತನ್ನ ಸಾಲಿನ ಅಷ್ಟನೆಯ ಮನೆಯಲ್ಲಿಯೇ ಇದೆ. ಆದುದರಿಂದ ಯಂತ್ರವು ತೆಲುಗು ಬರಹವನ್ನು ಕ್ಷಣಮಾತ್ರದಲ್ಲಿ ಕನ್ನಡ ಅಕ್ಷರಕ್ಕೆ ತಿರುಗಿಸಬಲ್ಲದು. ಹೀಗೆ ತಿರುಗಿಸಿದ ಸುತ್ತೋಲೆಯೊಂದು ನಮ್ಮ ಕೈಗೆ ಬಂದಿತ್ತು. ಅಕ್ಷರ ಕನ್ನಡ, ಭಾಷೆ ಅಚ್ಚ ತೆಲುಗು. ಕನ್ನಡದವರಿಗೆ ಕನ್ನಡದಲ್ಲಿಯೇ ಕಳುಹಿಸಿದ್ದೇವೆಂದು ಕಳುಹಿಸಿದವರು ನಂಬಿದ್ದರು. ಈಚೆಗೆ ಯಂತ್ರಗಳು ನಿಜವಾದ ಭಾಷಾಂತರವನ್ನೂ ಮಾಡುತ್ತವೆ, ಹಲವೆಡೆ ಚೆನ್ನಾಗಿಯೇ ಮಾಡುತ್ತವೆ. ಆದರೆ ತ್ರಿಜ್ಯ ಎಂದಿರಬೇಕಾದ ಕಡೆ ವ್ಯಾಸಾರ್ಧ ಎಂದು ಬಂದರೆ ತಿದ್ದುವವನೊಬ್ಬ ಬೇಕು. ಅವನು ಎರಡೂ ಭಾಷೆಗಳ ಪಠ್ಯವನ್ನು ಓದಿದ ಉಪಾಧ್ಯಾಯನಾಗಿರಬೇಕು. ಅಂಥವರು ಬೆಂಗಳೂರಿನಲ್ಲಿಯೂ ಅಮರಾವತಿಯಲ್ಲಿಯೂ ವಿರಳ, ಆದೋನಿಯಲ್ಲಿ ಇದ್ದಾರೆ.

ನಮ್ಮ ಶಾಲೆಯಲ್ಲಿ ದೃಷ್ಟಿಮಾಂದ್ಯವಿದ್ದ ಹುಡುಗನೊಬ್ಬ ಓದಿದ. ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಸಾಧನಗಳು ಕನ್ನಡಕ್ಕೂ ಇವೆ, ಎನ್.ವಿ.ಡಿ.ಎ. ಎಂಬುದು ಉಚಿತವಾಗಿಯೇ ದೊರೆಯುತ್ತದೆ. ನಾವು ಪುಸ್ತಕದ ಹಾಳೆಗಳ ಫೋಟೋ ತೆಗೆದು ಅವನಿಗೆ ಕಳುಹಿಸುತ್ತಿದ್ದೆವು, ಬಹಳ ಉಪಕಾರ ಮಾಡಿದೆವೆಂದು ತಿಳಿದು. ಫೋಟೋ ಎಂದರೆ ಯಂತ್ರಕ್ಕೆ ಬರಿಯ ಚಿತ್ರ. ಅದರಲ್ಲಿ ಅಕ್ಷರವಿದೆಯೆಂದು ಅದು ತಾನಾಗಿ ಅರಿಯದು. ಹಳೆಯ ಅಚ್ಚಿನ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕಡತಗಳ ಗತಿಯೂ ಇದೇ: ನಮ್ಮ ಕಣ್ಣಿಗೆ ಕನ್ನಡ, ಯಂತ್ರದ ಕಿವಿಗೆ ಅರ್ಥವಿಲ್ಲದ ಇಂಗ್ಲಿಷು ಅಕ್ಷರಗಳು. ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿದ ಒಂದೇ ಒಂದು ಪುಟ ಆ ಹುಡುಗನಿಗೆ ನೂರು ಫೋಟೋಗಳಿಗಿಂತ ಮೇಲಾಗಿತ್ತು. ಇದನ್ನು ನಮಗೆ ತಿಳಿಸಿದವನು ಅವನೇ. ಎರಡು ವರ್ಷ ಸುಮ್ಮನಿದ್ದು ಹತ್ತನೆಯ ತರಗತಿಯ ಕೊನೆಯಲ್ಲಿ ತಿಳಿಸಿದ. ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿದರೆ, “ನೀವು ಕೇಳ್ಲಿಲ್ರಿ ಸಾರ್” ಎಂದ.

ನೀತಿಯ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡಿದ್ದೇವೆ. ಮೊದಲು ಶಾಲೆ ಮಗುವಿನ ಬಗೆಗೆ ತಿಳಿದಿದ್ದುದು ಹೆಸರು, ಜನ್ಮದಿನ, ಅಂಕ. ಈಗ ಮಗುವಿನ ಮುಖ, ಧ್ವನಿ, ಆಧಾರ್, ತಂದೆಯ ಫೋನು, ಯಾವ ಪಾಠವನ್ನು ಎಷ್ಟು ಹೊತ್ತು ನೋಡಿತು, ಎಲ್ಲಿ ತಪ್ಪಿತು, ಎಲ್ಲವೂ ಎಲ್ಲೋ ಬರೆದಿಡಲ್ಪಡುತ್ತವೆ. ಫೋನಿಗೆ ಓಟಿಪಿ ಬರುತ್ತದೆ, ಗುಂಟೂರಿನಿಂದ ತಂದೆ ಅದನ್ನು ಓದಿ ಹೇಳುತ್ತಾರೆ, ನಾವು ಒತ್ತುತ್ತೇವೆ, ಸಮ್ಮತಿ ಸಿಕ್ಕಿತೆಂದು ಪರದೆ ಹೇಳುತ್ತದೆ. ಯಾವುದಕ್ಕೆ ಸಮ್ಮತಿ ಕೊಟ್ಟರೆಂದು ಅವರಿಗೂ ಗೊತ್ತಿಲ್ಲ, ಕೆಲವು ಸಲ ನಮಗೂ ಗೊತ್ತಿಲ್ಲ. 2022ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ ಎಂಟನೆಯ ತರಗತಿಯ ಮಕ್ಕಳಿಗೂ ಉಪಾಧ್ಯಾಯರಿಗೂ ಖಾಸಗಿ ಸಂಸ್ಥೆಯೊಂದರ ಪಾಠಗಳನ್ನು ತುಂಬಿದ 5 ಲಕ್ಷಕ್ಕೂ ಹೆಚ್ಚು ಟ್ಯಾಬುಗಳನ್ನು ಹಂಚಲಾಯಿತು. ಬಡ ಮಗುವಿನ ಕೈಗೆ ಸಾಧನ ಬಂದುದನ್ನು ನಾವು ಹಳಿಯುವವರಲ್ಲ. ಆದರೆ ಆ ಸಂಸ್ಥೆಯು 2024ರ ಜುಲೈಯಲ್ಲಿ ದಿವಾಳಿಯ ಪ್ರಕ್ರಿಯೆಗೆ ಒಳಗಾಯಿತು. ಶಾಲೆಯ ಕಪಾಟಿನಲ್ಲಿರುವ ಪುಸ್ತಕವು ಅಚ್ಚುಕೂಟ ಮುಚ್ಚಿದರೂ ಪುಸ್ತಕವೇ. ಎರವಲಿನ ಪಾಠ ಹಾಗಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಹದಿನೆಂಟು ತುಂಬದವರ ವಿವರಗಳಿಗೆ ತಂದೆತಾಯಿಗಳ ಸಮ್ಮತಿ ಬೇಕೆಂದು ಹೇಳುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ವಿಧಿಗಳು ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಮಾಡಲಾಗಿದೆ. ಸಮ್ಮತಿ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಅವಕಾಶ ಕೊಡಬೇಕೆಂಬ ಮಾತೂ ಅದರಲ್ಲಿದೆ. ಕನ್ನಡ ಆ ಅನುಸೂಚಿಯಲ್ಲಿದೆ. ಅದಕ್ಕೆ ರಾಜ್ಯದ ಗಡಿಯಿಲ್ಲ. ನಮ್ಮ ಪೋಷಕರು ಕನ್ನಡದ ನಮೂನೆಯನ್ನು ಕೇಳಿದರೆ ಅದು ಉಪಕಾರದ ಬೇಡಿಕೆಯಲ್ಲವೆಂಬುದನ್ನು ಮುಖ್ಯೋಪಾಧ್ಯಾಯರುಗಳು ತಿಳಿದಿರಬೇಕು. ಓದಿ ಹೇಳಿ ಸಹಿ ಹಾಕಿಸಿಕೊಳ್ಳುವ ತನಕ ಕಾಗದವು ಮುಂದೆ ಹೋಗದಂತೆ ಈಗ ನಾವು ನೋಡಿಕೊಳ್ಳುತ್ತಿದ್ದೇವೆ. ಇದರಿಂದ ನಮ್ಮ ಶಾಲೆಯ ವರದಿ ಸದಾ ತಡವಾಗುತ್ತದೆ, ಮೇಲಿನಿಂದ ಮಾತೂ ಬರುತ್ತದೆ.

ಆ ತಂದೆಗೆ ಉತ್ತರವೇನು? ಫೋನಿನಲ್ಲಿ ಪಾಠಗಳು ಬರುವುದು ನಿಜ. ಅವರ ಮಗಳು ಬರೆಯಲಿರುವ ಪರೀಕ್ಷೆಯ ಪಾಠವು ಅವಳ ಮನೆಯ ಮಾತಿನಲ್ಲಿ ಫೋನಿಗೆ ಬರಬೇಕಾದರೆ, ಅದನ್ನು ಆಂಧ್ರದ ಕನ್ನಡ ಶಾಲೆಯ ಒಬ್ಬ ಉಪಾಧ್ಯಾಯ ಕುಳಿತು ಹೇಳಿರಬೇಕು. ಆ ಶಾಲೆ ಮುಚ್ಚಿದರೆ ಆ ಪಾಠವನ್ನು ಜಾಲಕ್ಕೆ ಹಾಕುವವರು ಬೇರೆ ಯಾರೂ ಇಲ್ಲ. ಹೀಗೆಂದು ಹೇಳಲು ಅವರ ಮನೆಗೆ ಹೋದೆವು; ಹುಡುಗಿಯನ್ನು ಅಷ್ಟರಲ್ಲಿ ಇಂಗ್ಲಿಷು ಮಾಧ್ಯಮಕ್ಕೆ ಸೇರಿಸಿಯಾಗಿತ್ತು. ಚಹಾ ಕೊಟ್ಟು ಕಳುಹಿಸಿದರು.

ನಮ್ಮ ಇಬ್ಬರು ಸಹೋಪಾಧ್ಯಾಯರು ಎಂಟನೆಯ ತರಗತಿಯ ಗಣಿತವನ್ನು ಪೂರ್ತಿಯಾಗಿಯೂ ವಿಜ್ಞಾನವನ್ನು ಅರ್ಧದಷ್ಟೂ ಧ್ವನಿಯಲ್ಲಿ ಮುದ್ರಿಸಿದ್ದಾರೆ. ತೆಲುಗು-ಕನ್ನಡ ಪಾರಿಭಾಷಿಕ ಪದಗಳ ಪಟ್ಟಿಯೊಂದನ್ನು ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿಟ್ಟಿದ್ದೇವೆ. ಗುಳೆ ಹೋಗುವ ಮನೆಗಳಿಗೆ ಕಾರ್ಡುಗಳನ್ನು ಹೊರಡುವ ಮೊದಲು ಕೊಡಬೇಕು. ಹತ್ತಿ ಬಿಡಿಸುವ ಕಾಲಕ್ಕೆ ಬಸ್ಸು ಹತ್ತುವವರನ್ನು ಅಟ್ಟಿಕೊಂಡು ಹೋಗಿ ಕೊಡಲಾಗುವುದಿಲ್ಲ. ಒಂಬತ್ತನೆಯ ತರಗತಿಯ ವಿಜ್ಞಾನವನ್ನು ಕೋಸಿಗಿ ಕಡೆಯ ಶಾಲೆಯವರು, ಸಮಾಜ ಪಾಠಗಳನ್ನು ಹೊಳಗುಂದಿ ಕಡೆಯವರು ವಹಿಸಿಕೊಂಡರೆ ಈ ವರ್ಷವೇ ಒಂದು ಹಂತ ಮುಗಿದೀತು. ಮುದ್ರಿಸುವುದಕ್ಕೆ ಬೇರೆ ಯಂತ್ರ ಬೇಡ, ಫೋನು ಸಾಕು. ಬಾಗಿಲು ಮುಚ್ಚಿ, ಫ್ಯಾನು ನಿಲ್ಲಿಸಿ ಮಾತನಾಡಬೇಕು. ಫ್ಯಾನಿನ ಸದ್ದಿನಲ್ಲಿ ನಮ್ಮ ಮೊದಲ ಆರು ಪಾಠಗಳು ಕೆಟ್ಟವು.